ಏಳು ತಿಂಗಳಿಗೇ ದಡಾರ ಬಂದಿತ್ತು, ಈಗ ಮಗನ ಮಿದುಳಿಗೆ ಅಪಾಯ ಇದೆಯೇ?

ಪ್ರಶ್ನೆ: ಡಾಕ್ಟರೇ, ನಮ್ಮದು ದಾವಣಗೆರೆ ಹತ್ತಿರದ ಹಳ್ಳಿ. ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಏಳು ತಿಂಗಳ ಕೂಸಾಗಿದ್ದಾಗ ಅವನಿಗೆ ದಡಾರ ಬಂದಿತ್ತು. ಮೂರು ದಿನ ಜ್ವರ, ಕೆಮ್ಮು, ಕಣ್ಣು ಕೆಂಪಗಾಗಿತ್ತು. ಆಮೇಲೆ ಮೈಯೆಲ್ಲ ಗುಳ್ಳೆ. ನಮ್ಮತ್ತೆ "ಅಮ್ಮ ಬಂದಿದೆ" ಅಂತ ಬೇವಿನ ಸೊಪ್ಪು ಹಾಸಿ ಮಲಗಿಸಿದರು. ಆಸ್ಪತ್ರೆಗೆ ಹೋಗಿದ್ದು ನಾಲ್ಕು ದಿನ ಬಿಟ್ಟು. ಡಾಕ್ಟರು ನೋಡಿ ದಡಾರ ಅಂದರು, ರಕ್ತ ಪರೀಕ್ಷೆ ಮಾಡಿಸಲಿಲ್ಲ. ವಾರದಲ್ಲಿ ಹುಷಾರಾದ. ಮುಂದೆ ಒಂಬತ್ತು ತಿಂಗಳಿಗೂ ಒಂದೂವರೆ ವರ್ಷಕ್ಕೂ ಚುಚ್ಚುಮದ್ದು ಹಾಕಿಸಿದ್ದೇವೆ. ಹೋದ ತಿಂಗಳು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ದಡಾರ ಬಂದು ಹೋದ ಎಷ್ಟೋ ವರ್ಷದ ಮೇಲೆ ಮಿದುಳಿನ ಕಾಯಿಲೆ ಬರುತ್ತೆ, ಬಂದರೆ ಮಕ್ಕಳು ಉಳಿಯಲ್ಲ ಅಂತಿತ್ತು. ಈ ವರ್ಷ ಮಗನನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೇವೆ. ಮಾರ್ಕ್ಸ್ ಕಡಿಮೆಯಾಗಿದೆ, ಬೋರ್ಡ್ ನೋಡಿ ಪೂರ್ತಿ ಬರೆದುಕೊಂಡು ಬರಲ್ಲ. ಎರಡು ಸಲ ಕೈಯಿಂದ ಊಟದ ತಟ್ಟೆ ಬಿತ್ತು. ದಡಾರ ಬಂದ ಮೇಲೂ ಚುಚ್ಚುಮದ್ದು ಹಾಕಿಸಿದ್ದೇ ತಪ್ಪು ಅಂತಾಳೆ ನಾದಿನಿ. ಇಇಜಿ, ಎಂಆರ್‌ಐ ಮಾಡಿಸಲೇ? ಏಳು ತಿಂಗಳ ಮಗಳೂ ಇದ್ದಾಳೆ. ಮುಂದಿನ ವಾರ ತವರಿನ ಕಡೆ ಮದುವೆ. ಆ ಊರಲ್ಲಿ ಮಕ್ಕಳಿಗೆ ದಡಾರ ಎದ್ದಿದೆಯಂತೆ. ಕರೆದುಕೊಂಡು ಹೋಗಬಹುದಾ?

ಉತ್ತರ: ನಿಮಗೆ ನಿದ್ದೆ ಬರುತ್ತಿಲ್ಲ ಅನ್ನುವುದು ಬರೆಯದಿದ್ದರೂ ಗೊತ್ತಾಗುತ್ತದೆ. ಅದಕ್ಕೆ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆ ವಿಡಿಯೋದಲ್ಲಿ ಹೇಳಿದ ಕಾಯಿಲೆ ನಿಜ, ಸುಳ್ಳಲ್ಲ. ಆದರೆ ನಿಮ್ಮ ಮಗನ ಬಗ್ಗೆ ನೀವು ಬರೆದಿರುವುದು ಆ ಕಾಯಿಲೆಯ ಹಾಗೆ ಕಾಣುತ್ತಿಲ್ಲ. ಪತ್ರ ಓದಿ ಮಗುವನ್ನು ಪರೀಕ್ಷೆ ಮಾಡಿದ ಹಾಗಾಗುವುದಿಲ್ಲ, ಅದು ನನಗೂ ಗೊತ್ತು. ಆದರೂ ಹೀಗೆ ಹೇಳಲು ಕಾರಣಗಳಿವೆ. ನಿಮ್ಮ ಪತ್ರದಲ್ಲಿ ನನಗೆ ಅವಸರದ ವಿಷಯ ಅನ್ನಿಸಿದ್ದು ಮಗನದಲ್ಲ, ಮಗಳದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಮದುವೆ ಹತ್ತಿರವಿದ್ದರೆ ಆ ಭಾಗವನ್ನೇ ಮೊದಲು ಓದಿ.

ಈ ಕಾಯಿಲೆಯ ಹೆಸರು ಉದ್ದ, ಸಬ್‌ಅಕ್ಯೂಟ್ ಸ್ಕ್ಲೆರೋಸಿಂಗ್ ಪ್ಯಾನ್‌ಎನ್ಸೆಫಲೈಟಿಸ್. ಆಸ್ಪತ್ರೆಯಲ್ಲಿ ಎಲ್ಲರೂ ಎಸ್‌ಎಸ್‌ಪಿಇ ಅಂತಲೇ ಅನ್ನುತ್ತಾರೆ. 1933ರಲ್ಲಿ ಅಮೆರಿಕದ ಡಾ. ಡಾಸನ್ ಇದನ್ನು ಮೊದಲ ಸಲ ವಿವರಿಸಿದರು. ಇದಕ್ಕೆ ದಡಾರದ ವೈರಸ್ಸೇ ಕಾರಣ ಅಂತ ಗಟ್ಟಿಯಾಗಿ ಗೊತ್ತಾಗಿದ್ದು 1960ರ ದಶಕದಲ್ಲಿ. ಅಲ್ಲಿಯವರೆಗೆ ಎಷ್ಟೋ ವರ್ಷದ ಹಿಂದೆ ವಾಸಿಯಾದ ಜ್ವರಕ್ಕೂ ಈ ಕಾಯಿಲೆಗೂ ನಂಟಿದೆ ಅಂತ ಯಾರಿಗೆ ತಾನೇ ಹೊಳೆಯಬೇಕು?

ದಡಾರ ಬಂದಾಗ ವೈರಸ್ಸು ಮೈಯೆಲ್ಲ ಸುತ್ತುತ್ತದೆ. ಎರಡು ಮೂರು ವಾರದಲ್ಲಿ ದೇಹ ಅದನ್ನು ಹೊರಹಾಕುತ್ತದೆ. ಬಹಳ ಅಪರೂಪಕ್ಕೆ ಒಂದಿಷ್ಟು ವೈರಸ್ಸು ಮಿದುಳಿನ ನರಕೋಶಗಳಲ್ಲಿ ಉಳಿದುಬಿಡುತ್ತದೆ. ಅಲ್ಲೇ ವರ್ಷಗಟ್ಟಲೆ ಇದ್ದು ತನ್ನ ರೂಪವನ್ನು ಸ್ವಲ್ಪ ಸ್ವಲ್ಪ ಬದಲಿಸಿಕೊಳ್ಳುತ್ತದೆ. ಹಳೇ ವಠಾರ ನೋಡಿದ್ದೀರಲ್ಲ, ಒಂದು ಮನೆಯ ಗೋಡೆಗೆ ಇನ್ನೊಂದು ಮನೆ ಅಂಟಿಕೊಂಡಿರುತ್ತದೆ. ಬೀದಿಯಲ್ಲಿ ಪೊಲೀಸರು ಗಸ್ತು ತಿರುಗುತ್ತಿದ್ದಾರೆ. ಕಳ್ಳ ಬೀದಿಗೆ ಇಳಿಯುವುದೇ ಇಲ್ಲ, ಗೋಡೆ ಕೊರೆದು ಕೊರೆದು ಪಕ್ಕದ ಮನೆಗೆ ಹೋಗುತ್ತಾನೆ. ಈ ವೈರಸ್ಸು ಮಾಡುವುದೂ ಅದನ್ನೇ. ಹೊರಗೆ ಬರಲು ಬೇಕಾದ ಪ್ರೋಟೀನು ಕೆಟ್ಟುಹೋಗಿರುವುದರಿಂದ ಕೋಶದಿಂದ ಕೋಶಕ್ಕೆ ಒಳಗೊಳಗೇ ಹಬ್ಬುತ್ತದೆ. ಈ ಮಕ್ಕಳ ರಕ್ತದಲ್ಲೂ ಬೆನ್ನುಹುರಿಯ ನೀರಿನಲ್ಲೂ ದಡಾರದ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು, ಅಂದರೆ ಆ ಪೊಲೀಸರು, ತುಂಬಿ ತುಳುಕುತ್ತಿರುತ್ತವೆ. ಆದರೂ ಉಪಯೋಗವಿಲ್ಲ. ಪೊಲೀಸರು ಎಷ್ಟು ಜನ ಇದ್ದರೇನು, ಕಳ್ಳ ಮನೆಯೊಳಗೇ ಇದ್ದಾನೆ.

ತೀರಾ ಚಿಕ್ಕ ವಯಸ್ಸಿನಲ್ಲಿ ದಡಾರ ಬಂದವರಿಗೇ ಅಪಾಯ ಜಾಸ್ತಿ. ಕೂಸುಗಳ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ, ವೈರಸ್ಸನ್ನು ಪೂರ್ತಿ ಗುಡಿಸಿ ಹಾಕಲು ಅದಕ್ಕೆ ಆಗುವುದಿಲ್ಲ. ಹುಡುಗಿಯರಿಗಿಂತ ಹುಡುಗರಲ್ಲಿ ಈ ಕಾಯಿಲೆ ಹೆಚ್ಚು. ಇದಕ್ಕೆ ಕಾರಣ ಇನ್ನೂ ಪೂರ್ತಿ ತಿಳಿದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ವಿಡಿಯೋಗಳಲ್ಲಿ ತಪ್ಪುವುದೇ ಇಲ್ಲಿ. ದಡಾರ ಬಂದ ಒಂದು ಲಕ್ಷ ಜನರಲ್ಲಿ ಸುಮಾರು 4ರಿಂದ 11 ಜನರಿಗೆ ಎಸ್‌ಎಸ್‌ಪಿಇ ಬರುತ್ತದೆ ಅನ್ನುವುದು ಹಳೆಯ ಅಂದಾಜು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1998ರಿಂದ 2015ರವರೆಗಿನ 17 ರೋಗಿಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದಾಗ ಬೇರೆಯೇ ಚಿತ್ರ ಬಂತು. ಐದು ವರ್ಷದೊಳಗೆ ದಡಾರ ಬಂದವರಲ್ಲಿ 1,367ಕ್ಕೆ ಒಬ್ಬರು, ಒಂದು ವರ್ಷದೊಳಗೆ ಬಂದವರಲ್ಲಿ 609ಕ್ಕೆ ಒಬ್ಬರು. ನಿಮ್ಮ ಮಗ ಈ ಕೊನೆಯ ಗುಂಪಿಗೆ ಸೇರುತ್ತಾನೆ. ಅದನ್ನು ಮುಚ್ಚಿಡುವುದಿಲ್ಲ.

ಆದರೆ ಅದೇ ಸಂಖ್ಯೆಯನ್ನು ಇನ್ನೊಂದು ಕಡೆಯಿಂದ ನೋಡಿ. ಕೂಸಾಗಿದ್ದಾಗಲೇ ದಡಾರ ಬಂದ 609 ಮಕ್ಕಳನ್ನು ಶಾಲೆಯ ಮೈದಾನದಲ್ಲಿ ಪ್ರಾರ್ಥನೆಗೆ ನಿಲ್ಲಿಸಿದರೆ, 608 ಮಕ್ಕಳು ಏನೂ ಆಗದೆ ಬೆಳೆಯುತ್ತಾರೆ. ಇದೂ ಕೆಲವೇ ರೋಗಿಗಳ ಮೇಲೆ ಮಾಡಿದ ಲೆಕ್ಕ, ಕಲ್ಲಿನಲ್ಲಿ ಕೆತ್ತಿದ್ದಲ್ಲ. ಎಷ್ಟೋ ಮನೆಗಳಲ್ಲಿ ದಡಾರ ಬಂದು ಹೋಗಿದ್ದು ಸರ್ಕಾರದ ಲೆಕ್ಕಕ್ಕೇ ಸಿಗುವುದಿಲ್ಲ, ಅಲ್ವಾ? ಅವರನ್ನೂ ಸೇರಿಸಿದರೆ ಒಬ್ಬೊಬ್ಬ ಮಗುವಿನ ಪಾಲಿಗೆ ಬರುವ ಅಪಾಯ ಇನ್ನೂ ಕಡಿಮೆಯಾಗುತ್ತದೆ. ಇನ್ನೊಂದು ಮಾತು. ಕೂಸುಗಳಿಗೆ ಜ್ವರದ ಜೊತೆ ಗುಳ್ಳೆ ಏಳುವುದಕ್ಕೆ ಬೇರೆ ವೈರಸ್ಸುಗಳೂ ಕಾರಣವಾಗುತ್ತವೆ. ನೀವು ಹೇಳಿದ ಕೆಮ್ಮು, ಕೆಂಗಣ್ಣು, ಮೂರು ದಿನ ಬಿಟ್ಟು ಎದ್ದ ಗುಳ್ಳೆ ದಡಾರಕ್ಕೇ ಹೊಂದುತ್ತವೆ. ಆದರೂ ರಕ್ತ ಪರೀಕ್ಷೆ ಆಗಿಲ್ಲದ ಕಾರಣ ನೂರಕ್ಕೆ ನೂರು ಅದೇ ಅಂತ ಹೇಳಲಾಗುವುದಿಲ್ಲ.

ಎಂಟು ವರ್ಷ ಆಯಿತಲ್ಲ, ಗಂಡಾಂತರ ಕಳೆಯಿತಾ? ಇನ್ನೂ ಹಾಗೆ ಹೇಳುವ ಹಾಗಿಲ್ಲ. ಕ್ಯಾಲಿಫೋರ್ನಿಯಾದ ಆ ರೋಗಿಗಳಲ್ಲಿ ದಡಾರ ಬಂದು ಸುಮಾರು ಒಂಬತ್ತೂವರೆ ವರ್ಷದ ನಂತರ ಕಾಯಿಲೆ ಕಾಣಿಸಿಕೊಂಡಿತ್ತು. ಕೆಲವರಲ್ಲಿ ಇನ್ನೂ ಬೇಗ, ಕೆಲವರಲ್ಲಿ ದೊಡ್ಡವರಾದ ಮೇಲೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರೇ 2006ರಲ್ಲಿ, ವಯಸ್ಕರಾದ ಮೇಲೆ ಈ ಕಾಯಿಲೆ ಶುರುವಾದ 39 ಜನರ ವಿವರ ಪ್ರಕಟಿಸಿದ್ದರು.

ನಾದಿನಿಯ ಮಾತು ತಪ್ಪು. ಸಿಟ್ಟಿನಿಂದ ಹೇಳುತ್ತಿಲ್ಲ, 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ಇದೇ ಥರದ ಮಾತುಗಳು ವಾಟ್ಸಾಪಿನಲ್ಲಿ ಓಡಾಡಿದ್ದವು. ಪಾಪ, ಹೆದರಿದವರು ಒಬ್ಬಿಬ್ಬರಲ್ಲ. ಈ ಪ್ರಶ್ನೆಗೆ ಉತ್ತರ ಮಿದುಳಿನಲ್ಲೇ ಸಿಕ್ಕಿದೆ. ಎಸ್‌ಎಸ್‌ಪಿಇ ಆದವರ ಮಿದುಳಿನಿಂದ ತೆಗೆದ ವೈರಸ್ಸಿನ ತಳಿಯನ್ನು ಪರೀಕ್ಷಿಸಿದಾಗೆಲ್ಲ ಸಿಕ್ಕಿದ್ದು ಊರಲ್ಲಿ ಹರಡುವ ದಡಾರದ ತಳಿ, ಲಸಿಕೆಯ ತಳಿಯಲ್ಲ. ಮೊದಲೇ ದಡಾರ ಬಂದ ಮಗುವಿಗೆ ಲಸಿಕೆ ಹಾಕಿದರೆ, ದೇಹದಲ್ಲಿರುವ ಪ್ರತಿಕಾಯಗಳೇ ಆ ದುರ್ಬಲ ವೈರಸ್ಸನ್ನು ಮುಗಿಸಿಬಿಡುತ್ತವೆ. ಅದೇ ಸೂಜಿಯಲ್ಲಿ ರುಬೆಲ್ಲಾದಿಂದಲೂ ರಕ್ಷಣೆ ಸಿಗುತ್ತದೆ. ನೀವು ಹಾಕಿಸಿದ್ದು ಸರಿಯಾಗಿದೆ. ಆದರೆ ಮೊದಲೇ ಬಂದುಹೋದ ದಡಾರದ ಅಪಾಯವನ್ನು ಆಮೇಲೆ ಹಾಕಿದ ಲಸಿಕೆ ಅಳಿಸುವುದಿಲ್ಲ.

ಅತ್ತೆಯವರ ಬೇವಿನ ಸೊಪ್ಪಿಗೂ ಈ ಕಾಯಿಲೆಗೂ ಸಂಬಂಧವಿಲ್ಲ. ದಡಾರ ಜೋರಾಗಿ ಬಂದರೂ ಸಣ್ಣದಾಗಿ ಬಂದರೂ ಎಸ್‌ಎಸ್‌ಪಿಇ ಬರಬಹುದು. ಬೇಗ ಆಸ್ಪತ್ರೆಗೆ ಹೋಗಿದ್ದರೆ ಎರಡು ದಿನ ಎರಡು ಡೋಸ್ ವಿಟಮಿನ್ ಎ ಸಿಗುತ್ತಿತ್ತು, ನ್ಯುಮೋನಿಯಾ ಆಗಿದ್ದರೆ ಗೊತ್ತಾಗುತ್ತಿತ್ತು. ಕಣ್ಣಿಗೂ ಜೀವಕ್ಕೂ ಅದು ಒಳ್ಳೆಯದು. ಆದರೆ ಅದರಿಂದ ಎಸ್‌ಎಸ್‌ಪಿಇ ತಪ್ಪುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಹಾಗಾಗಿ ಈ ವಿಷಯಕ್ಕೆ ಮನೆಯಲ್ಲಿ ಜಗಳ ಬೇಡ. ಎಸ್‌ಎಸ್‌ಪಿಇ ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ನಿಮ್ಮ ಮಗನದು ಆ ಕಾಯಿಲೆಯ ಹಾಗೆ ಕಾಣುತ್ತಿಲ್ಲ ಅಂದೆ. ಹಾಗಾದರೆ ಅದು ಹೇಗೆ ಕಾಣುತ್ತದೆ?

ಕೆಲವು ವರ್ಷಗಳ ಹಿಂದೆ ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಅಪ್ಪ ಕರೆದುಕೊಂಡು ಬಂದಿದ್ದರು. ಕೈಯಲ್ಲಿ ಅವನ ಕನ್ನಡ ಕಾಪಿ ಪುಸ್ತಕ. ಜೂನ್ ತಿಂಗಳ ಪುಟದಲ್ಲಿ ಮುದ್ದಾದ ಅಕ್ಷರ. ಆಗಸ್ಟ್‌ನಲ್ಲಿ ಗೆರೆ ಬಿಟ್ಟು ಇಳಿಯಲು ಶುರು. ನವೆಂಬರ್ ಪುಟದಲ್ಲಿ ಅವನ ಹೆಸರೂ ಪೂರ್ತಿ ಇರಲಿಲ್ಲ. ಸೋಮಾರಿಯಾಗಿದ್ದಾನೆ ಅಂತ ಶಾಲೆಯಲ್ಲಿ ಏಟು ಬಿದ್ದಿತ್ತು. ಮನೆಯಲ್ಲಿ ದಿನಾ ಲೋಟ ಬೀಳಿಸುತ್ತಿದ್ದ. ಪ್ರಸಾದ ತೆಗೆದುಕೊಳ್ಳುವ ಹಾಗೆ ಎರಡೂ ಕೈ ಮುಂದೆ ಚಾಚು ಅಂದೆ. ಚಾಚಿದ. ನಾನು ಗಡಿಯಾರ ನೋಡುತ್ತಾ ಕೂತೆ. ಏಳು ಸೆಕೆಂಡಿಗೆ ಅವನ ತಲೆ ಸಣ್ಣಗೆ ಬಾಗಿತು, ಎರಡೂ ಕೈ ಒಂಚೂರು ಕೆಳಗಿಳಿದು ಮತ್ತೆ ಮೇಲೆ ಬಂದವು. ಯಾರೋ ಹಿಂದಿನಿಂದ ಮೆಲ್ಲಗೆ ತಟ್ಟಿದ ಹಾಗೆ. ಮತ್ತೆ ಏಳು ಸೆಕೆಂಡು, ಮತ್ತೆ ಅದೇ. ನಾಲ್ಕನೇ ಸಲಕ್ಕೆ ಅವನ ಅಪ್ಪನೂ ಬೆರಳು ಮಡಚಿ ಎಣಿಸಲು ಶುರು ಮಾಡಿದ್ದರು. ಮಧ್ಯಾಹ್ನ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ನೋಡುವ ಪರೀಕ್ಷೆ, ಮಾಡಿಸಿದಾಗ ಪ್ರತಿ ಬಾಗಿಗೂ ಸರಿಯಾಗಿ ಒಂದೊಂದು ದೊಡ್ಡ ಅಲೆ ಎದ್ದಿತ್ತು, ಅಳತೆ ಹಿಡಿದು ನೆಟ್ಟ ಬೇಲಿ ಕಂಬದ ಹಾಗೆ. ಎಂಟು ತಿಂಗಳ ಕೂಸಾಗಿದ್ದಾಗ ಅವನಿಗೆ ದಡಾರ ಬಂದಿತ್ತು ಅನ್ನುವುದು ಅಜ್ಜಿಗೆ ಫೋನ್ ಮಾಡಿ ಕೇಳಿದ ಮೇಲೆ ತಿಳಿಯಿತು. ಎರಡು ವರ್ಷ ತುಂಬುವ ಮೊದಲೇ ಹುಡುಗ ತೀರಿಕೊಂಡ.

ನಿಮ್ಮನ್ನು ಹೆದರಿಸಲು ಇದನ್ನು ಬರೆಯಲಿಲ್ಲ. ವ್ಯತ್ಯಾಸ ಕಾಣಲಿ ಅಂತ ಬರೆದೆ. ಈ ಕಾಯಿಲೆಯಲ್ಲಿ ಮಗು ಹೊಸದನ್ನು ಕಲಿಯುವುದು ನಿಧಾನವಾಗುವುದಷ್ಟೇ ಅಲ್ಲ, ಬರುತ್ತಿದ್ದದ್ದು ಮರೆತುಹೋಗುತ್ತದೆ. ಬಾಯಿಪಾಠ ಇದ್ದ ಮಗ್ಗಿ, ಅಂಗಿಯ ಗುಂಡಿ ಹಾಕುವುದು, ಅಂಗಡಿಯಿಂದ ಮನೆಗೆ ಬರುವ ದಾರಿ. ಸ್ವಭಾವ ಬದಲಾಗುತ್ತದೆ. ವಾರದಿಂದ ವಾರಕ್ಕೆ, ತಿಂಗಳಿಂದ ತಿಂಗಳಿಗೆ ಇಳಿಮುಖವೇ. ಆಮೇಲೆ ಆ ಬಾಗು, ಮೈ ಜಗ್ಗಿದ ಹಾಗಾಗುವುದು, ನಡೆಯುತ್ತಾ ಇದ್ದಕ್ಕಿದ್ದಂತೆ ಬೀಳುವುದು, ಫಿಟ್ಸ್. ಕೆಲವರಿಗೆ ಇದೆಲ್ಲಕ್ಕಿಂತ ಮೊದಲು ಕಣ್ಣು ಮಂಜಾಗುತ್ತದೆ, ಯಾಕೆಂದರೆ ವೈರಸ್ಸು ಕಣ್ಣಿನ ಹಿಂದಿನ ಪರದೆಯನ್ನೂ ಹಾಳುಮಾಡಬಹುದು.

ಎರಡು ಸಲ ತಟ್ಟೆ ಬಿದ್ದರೆ ಅದು ಎಂಟು ವರ್ಷದ ಹುಡುಗ, ಅಷ್ಟೇ. ನಿದ್ದೆಗೆ ಜಾರುವಾಗ ಮಗು ಒಮ್ಮೆ ಬೆಚ್ಚಿದರೆ ಅದೂ ಸಾಮಾನ್ಯ. ಕನ್ನಡದಲ್ಲಿ ಓದುತ್ತಿದ್ದವನನ್ನು ಒಮ್ಮೆಲೇ ಇಂಗ್ಲಿಷ್ ಮೀಡಿಯಂಗೆ ಹಾಕಿದರೆ ಮಾರ್ಕ್ಸ್ ಇಳಿಯದೇ ಇನ್ನೇನಾಗಬೇಕು? ಬೋರ್ಡ್ ನೋಡಿ ಬರೆಯಲ್ಲ ಅನ್ನುವ ಮಗುವಿಗೆ ನಾನು ಮೊದಲು ಮಾಡಿಸುವುದು ಕಣ್ಣಿನ ಪರೀಕ್ಷೆ. ಹತ್ತರಲ್ಲಿ ಹಲವು ಸಲ ಕನ್ನಡಕದಲ್ಲೇ ಕಥೆ ಮುಗಿಯುತ್ತದೆ. ಆದರೆ ಸುಮ್ನೆ ಅಂಗಡಿಯಲ್ಲಿ ನಂಬರ್ ನೋಡಿಸಿಕೊಂಡು ಬರಬೇಡಿ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ದಡಾರದ ವಿಷಯ ಹೇಳಿ, ಹನಿ ಹಾಕಿ ಒಳಗಿನ ಪರದೆಯನ್ನೂ ನೋಡಲು ಕೇಳಿ. ಕನ್ನಡಕದ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುತ್ತದೆ, ನಿಮ್ಮ ಭಯಕ್ಕೂ ಸ್ವಲ್ಪ ಮಟ್ಟಿಗೆ.

ಇಇಜಿ ಮಾಡಿಸಬಹುದಾ? ನೋವಿಲ್ಲ, ಸೂಜಿ ಇಲ್ಲ, ಖರ್ಚೂ ಅಂಥ ಹೆಚ್ಚಲ್ಲ. ಆದರೆ ಅದು ಇವತ್ತಿನ ಸ್ಥಿತಿ ಮಾತ್ರ ಹೇಳುತ್ತದೆ. ಇವತ್ತು ಸರಿ ಇದ್ದರೆ ಮುಂದಿನ ವರ್ಷದ ಗ್ಯಾರಂಟಿ ಅದರಲ್ಲಿಲ್ಲ. ಹಾಗಂತ ಪ್ರತಿ ವರ್ಷ ಮಾಡಿಸುತ್ತಾ ಹೋದರೆ ಮಗು ತಾನೊಬ್ಬ ರೋಗಿ ಅಂತಲೇ ತಿಳಿದು ಬೆಳೆಯುತ್ತಾನೆ. ಲಕ್ಷಣವಿಲ್ಲದ ಮಗುವಿಗೆ ನಾನು ಮಾಡಿಸುವುದಿಲ್ಲ. ಎಂಆರ್‌ಐ ಅಂತೂ ಬೇಡವೇ ಬೇಡ. ಈ ಕಾಯಿಲೆಯ ಶುರುವಿನಲ್ಲಿ ಅದು ಸರಿಯಾಗಿಯೇ ಬರಬಹುದು. ಚಿಕ್ಕ ಮಕ್ಕಳಿಗೆ ಮಂಪರು ಬರಿಸಿ ಮಾಡಬೇಕಾಗುತ್ತದೆ. ಸಂಬಂಧವಿಲ್ಲದ ಒಂದು ಚುಕ್ಕೆ ಕಂಡರೆ ಮತ್ತೊಂದು ವರ್ಷ ಅದರ ಹಿಂದೆ ಅಲೆಯುತ್ತೀರಿ. ದಡಾರದ ಪ್ರತಿಕಾಯದ ರಕ್ತ ಪರೀಕ್ಷೆ ಮಾಡಿಸಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ದಡಾರ ಬಂದವರಿಗೂ ಲಸಿಕೆ ಪಡೆದವರಿಗೂ ಅದು ಪಾಸಿಟಿವ್ ಬಂದೇ ಬರುತ್ತದೆ. ಬೆನ್ನಿನ ನೀರು ತೆಗೆದು ನೋಡುವುದು ಇಇಜಿಯಲ್ಲೋ ಮಗುವಿನಲ್ಲೋ ಅನುಮಾನ ಬಂದರೆ ಮಾತ್ರ.

ಮೇಲೆ ಹೇಳಿದ ಇಳಿಮುಖ ಅಥವಾ ಬಾಗು ನಿಮ್ಮ ಕಣ್ಣಿಗೆ ಬಿದ್ದರೆ ಮೊಬೈಲಿನಲ್ಲಿ ಒಂದೆರಡು ನಿಮಿಷದ ವಿಡಿಯೋ ಮಾಡಿ. ಮಗು ಕೈ ಚಾಚಿ ನಿಂತಿರಲಿ, ಪೂರ್ತಿ ಮೈ ಕಾಣಲಿ. ಹಳೆಯ ನೋಟ್‌ಬುಕ್ಕುಗಳನ್ನೂ ತೆಗೆದುಕೊಂಡು ನರರೋಗ ತಜ್ಞರ ಹತ್ತಿರ ಹೋಗಿ, ಮತ್ತು ಏಳು ತಿಂಗಳಿಗೆ ದಡಾರ ಬಂದಿತ್ತು ಅನ್ನುವುದನ್ನು ನೀವೇ ಬಾಯಿಬಿಟ್ಟು ಹೇಳಿ. ಈ ಕಾಯಿಲೆಯನ್ನು ಮೊದಲ ಭೇಟಿಯಲ್ಲೇ ಹಿಡಿಯುವುದು ಕಷ್ಟ. ಮಾನಸಿಕ ತೊಂದರೆ, ಬರೀ ಫಿಟ್ಸ್ ಅಂತ ತಿಂಗಳುಗಟ್ಟಲೆ ಔಷಧಿ ನಡೆಯುವುದುಂಟು. ನಾನೂ ಒಮ್ಮೆ ಹಾಗೆ ತಪ್ಪಿದ್ದೇನೆ.

ಚಿಕಿತ್ಸೆ ಇದೆಯಾ ಅಂತ ನೀವು ಕೇಳಿಲ್ಲ, ಆದರೂ ಹೇಳಬೇಕು. ಪೂರ್ತಿ ಗುಣ ಮಾಡುವ ಔಷಧಿ ಇಲ್ಲ. ಹೆಚ್ಚಿನವರು ಒಂದರಿಂದ ಮೂರು ವರ್ಷದಲ್ಲಿ ತೀರಿಕೊಳ್ಳುತ್ತಾರೆ. ನೂರಕ್ಕೆ ಸುಮಾರು ಐದು ಜನರಲ್ಲಿ ಕಾಯಿಲೆ ತಾನಾಗೇ ನಿಂತದ್ದಿದೆ. ಐಸೊಪ್ರಿನೊಸಿನ್ ಮಾತ್ರೆ, ಬೆನ್ನಿನ ಮೂಲಕವೋ ಮಿದುಳಿನ ಕೋಣೆಗೋ ಕೊಡುವ ಇಂಟರ್‌ಫೆರಾನ್ ಇವೆ. ಕೆಲವರಲ್ಲಿ ಕಾಯಿಲೆ ಸ್ವಲ್ಪ ಕಾಲ ನಿಲ್ಲುತ್ತದೆ, ನಿಧಾನವಾಗುತ್ತದೆ. ಮಾತ್ರೆಯಿಂದ ಯೂರಿಕ್ ಆಸಿಡ್ ಏರಿ ಕಿಡ್ನಿಯಲ್ಲಿ ಕಲ್ಲಾಗಬಹುದು. ಇಂಟರ್‌ಫೆರಾನ್‌ನಿಂದ ಜ್ವರ, ಸೂಜಿಯ ಜಾಗದಿಂದ ಸೋಂಕು ಆಗಬಹುದು. ಬಾಗು ಕಡಿಮೆ ಮಾಡಲು ಕಾರ್ಬಮಝೆಪಿನ್‌ನಂಥ ಫಿಟ್ಸ್ ಮಾತ್ರೆಗಳು ಚೆನ್ನಾಗಿ ಕೆಲಸ ಮಾಡುತ್ತವೆ, ಮಗು ಒಂದಷ್ಟು ತಿಂಗಳು ತನ್ನ ಕೈಯಿಂದ ಉಣ್ಣುವ ಹಾಗಾಗುತ್ತದೆ. ಮನೆಯವರಿಗೆ ಅದೇ ದೊಡ್ಡದು. ವಾಸಿ ಮಾಡಿಕೊಡುತ್ತೇವೆ ಅಂತ ಲಕ್ಷಗಟ್ಟಲೆ ಕೇಳುವವರು ಸಿಗುತ್ತಾರೆ, ಹೊಲ ಮಾರಿ ಕೊಟ್ಟವರನ್ನು ನೋಡಿದ್ದೇನೆ.

ಈಗ ಮಗಳು.

ದಡಾರದ ವೈರಸ್ಸು ಗಾಳಿಯಲ್ಲಿ ಹರಡುತ್ತದೆ. ಕಾಯಿಲೆಯ ಮಗು ಎದ್ದು ಹೋದ ಮೇಲೂ ಎರಡು ಗಂಟೆವರೆಗೆ ಆ ಕೋಣೆಯ ಗಾಳಿಯಲ್ಲಿ ಇರಬಹುದು. ಗುಳ್ಳೆ ಏಳುವುದಕ್ಕೆ ನಾಲ್ಕು ದಿನ ಮೊದಲಿಂದಲೇ ಅಂಟುತ್ತದೆ, ಅಂದರೆ ಬರೀ ಶೀತ ಅಂತ ಕಾಣುವ ಮಗುವಿನಿಂದಲೂ ಬರುತ್ತದೆ. ಮದುವೆ ಛತ್ರಕ್ಕಿಂತ ಒಳ್ಳೆಯ ಜಾಗ ಅದಕ್ಕೆ ಬೇಕಾ? ಅಮ್ಮನಿಂದ ಬಂದ ರಕ್ಷಣೆ ಈ ವಯಸ್ಸಿಗೆ ಕರಗುತ್ತಾ ಬಂದಿರುತ್ತದೆ, ಅವಳ ಲಸಿಕೆಯ ದಿನ ಇನ್ನೂ ಬಂದಿಲ್ಲ. ಅಮ್ಮನ ಪ್ರತಿಕಾಯಗಳು ಲಸಿಕೆಯನ್ನೇ ಕೆಲಸ ಮಾಡಲು ಬಿಡುವುದಿಲ್ಲ ಅಂತಲೇ ಒಂಬತ್ತು ತಿಂಗಳು ಇಟ್ಟಿರುವುದು. ಈ ಸಂದಿಯಲ್ಲೇ ನಿಮ್ಮ ಮಗನಿಗೂ ದಡಾರ ಬಂದಿದ್ದು. 2025ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಆರೋಗ್ಯ ಇಲಾಖೆ ಎಸ್‌ಎಸ್‌ಪಿಇಯಿಂದ ತೀರಿಕೊಂಡ ಒಂದು ಶಾಲಾ ಮಗುವಿನ ವಿಷಯ ತಿಳಿಸಿತ್ತು. ಆ ಮಗುವಿಗೂ ಲಸಿಕೆಯ ವಯಸ್ಸು ಬರುವ ಮೊದಲೇ ದಡಾರ ತಗುಲಿತ್ತು.

ನನ್ನನ್ನು ಕೇಳಿದರೆ, ಕೂಸನ್ನು ಈ ಮದುವೆಗೆ ಕರೆದುಕೊಂಡು ಹೋಗಬೇಡಿ. ಅವಳಿಗೆ ನಿಮ್ಮ ಹಾಲು ಬೇಕು, ಹಾಗಾಗಿ ನೀವೂ ಉಳಿಯಬೇಕಾಗುತ್ತದೆ. ತವರಲ್ಲಿ ನಾಲ್ಕು ಮಾತು ಕೇಳಬೇಕಾಗುತ್ತದೆ, ಗೊತ್ತು. ಹೋಗಲೇಬೇಕು ಅನ್ನುವ ಹಾಗಿದ್ದರೆ ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಮಕ್ಕಳ ಡಾಕ್ಟರನ್ನೋ ಕಂಡು, ಆ ಊರಲ್ಲಿ ದಡಾರ ಇದೆ ಅಂತ ಹೇಳಿ. ದಡಾರ ಹರಡಿರುವ ಕಡೆ ಆರು ತಿಂಗಳು ತುಂಬಿದ ಕೂಸಿಗೂ ಒಂದು ಡೋಸ್ ಮುಂಚಿತವಾಗಿ ಹಾಕುವುದುಂಟು. 2022ರಲ್ಲಿ ಮುಂಬೈಯಲ್ಲಿ ದಡಾರ ಎದ್ದಾಗ ಕೇಂದ್ರ ಸರ್ಕಾರವೂ ಹಾಗೆ ಸಲಹೆ ಕೊಟ್ಟಿತ್ತು. ಲಸಿಕೆ ಹಾಕಿದ ಮಾರನೇ ದಿನವೇ ರಕ್ಷಣೆ ಬರುವುದಿಲ್ಲ, ಎರಡು ವಾರವಾದರೂ ಬೇಕು. ಮುಂದಿನ ವಾರದ ಮದುವೆಗೆ ಅದು ಸಾಲದು. ಜೊತೆಗೆ ಈ ಡೋಸ್ ಲೆಕ್ಕಕ್ಕಿಲ್ಲ. ಒಂಬತ್ತು ತಿಂಗಳದ್ದು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗಿನದು ಎರಡನ್ನೂ ಆಮೇಲೆ ಹಾಕಿಸಲೇಬೇಕು. ಲಸಿಕೆ ಆದ ವಾರ ಹತ್ತು ದಿನಕ್ಕೆ ಜ್ವರ, ಸಣ್ಣ ಗುಳ್ಳೆ ಬರಬಹುದು. ಜ್ವರ ಏರಿ ಫಿಟ್ಸ್ ಬರುವುದೂ ಅಪರೂಪಕ್ಕೆ ಉಂಟು, ಸುಮಾರು ಮೂರು ನಾಲ್ಕು ಸಾವಿರ ಡೋಸಿಗೆ ಒಂದು. ಅದರಿಂದ ಮಿದುಳಿಗೆ ಶಾಶ್ವತ ಹಾನಿಯಾಗುವುದಿಲ್ಲ. ರೋಗನಿರೋಧಕ ಶಕ್ತಿಯ ಗಂಭೀರ ಕಾಯಿಲೆ ಇರುವ ಮಕ್ಕಳಿಗೆ ಇದನ್ನು ಹಾಕುವಂತಿಲ್ಲ.

ಹೋಗಿ ಬಂದ ಮೇಲೆ, ಅಲ್ಲಿ ಎತ್ತಿಕೊಂಡ ಮಗುವಿಗೆ ದಡಾರ ಅಂತ ಗೊತ್ತಾದರೆ? ಆ ಸಂಪರ್ಕವಾಗಿ ಮೂರು ದಿನದೊಳಗಾದರೆ ನಿಮ್ಮ ಮಗಳಿಗೆ ಲಸಿಕೆ, ಆರು ದಿನದೊಳಗಾದರೆ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು ಕೆಲಸಕ್ಕೆ ಬರುತ್ತದೆ. ಆದರೆ ಆಸ್ಪತ್ರೆಗೆ ಹೋಗುವ ಮೊದಲು ಫೋನ್ ಮಾಡಿ. ಅಲ್ಲಿ ಸಾಲಿನಲ್ಲಿ ಕೂತವರ ಮಡಿಲಲ್ಲೂ ಏಳು ತಿಂಗಳ ಕೂಸುಗಳಿರುತ್ತವೆ.

ಆ ಊರಿನ ಆಶಾ ಕಾರ್ಯಕರ್ತೆಗೆ ಜ್ವರ-ಗುಳ್ಳೆಯ ವಿಷಯ ಮುಟ್ಟಿದೆಯಾ ಅಂತ ನಿಮ್ಮ ತಾಯಿಯಿಂದ ವಿಚಾರಿಸಿ. ಮುಟ್ಟಿಲ್ಲದಿದ್ದರೆ ಅವರೇ ಹೇಳಲಿ. ಮಗಳ ತಾಯಿ ಕಾರ್ಡಿನಲ್ಲಿ ಒಂಬತ್ತು ತಿಂಗಳು ತುಂಬುವ ದಿನಕ್ಕೆ ಒಂದು ಗುರುತು ಹಾಕಿಡಿ. ಮಗನ ಕಣ್ಣಿನ ಪರೀಕ್ಷೆಯಲ್ಲಿ ಏನು ಬಂತು ಅಂತ ಆದಾಗ ಎರಡು ಸಾಲು ಬರೆಯಿರಿ.